ಕೋಟೆ ಕಾಣುತ್ತದೆ, ಬರೆದವರು ಕಾಣುವುದಿಲ್ಲ
ಗ್ರಂಥಾಲಯದ ಒಂದು ಮೇಜಿನ ಮೇಲೆ ತ.ರಾ.ಸು. ಅವರನ್ನು ಹೇಗೆ ತೋರಿಸಬಹುದು?

ಚಿತ್ರದುರ್ಗದ ಕೋಟೆ ನೋಡಲು ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಓಬವ್ವನ ಕಿಂಡಿ ಎಲ್ಲಿದೆ ಎಂದು. ಓಬವ್ವ ಅವರಿಗೆ ಗೊತ್ತಾದದ್ದು ಬಹುಮಟ್ಟಿಗೆ 1972ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಿಂದ. ಆ ಚಿತ್ರದ ಹಿಂದೆ ತ.ರಾ.ಸುಬ್ಬರಾಯರ ಒಂದಲ್ಲ, ಮೂರು ಕಾದಂಬರಿಗಳಿದ್ದವು ಎಂಬುದು ತಿಳಿದವರು ಅವರಲ್ಲಿ ಕಡಿಮೆ. ದುರ್ಗಕ್ಕೆ ಅಕ್ಷರದಲ್ಲಿ ಮರುಜೀವ ಕೊಟ್ಟ ಲೇಖಕನ ಹೆಸರು ಊರಿನ ರಂಗಮಂದಿರಕ್ಕೆ ಇದೆ. ಆದರೆ ಅವರು ಬರೆದದ್ದೇನು, ಅದು ಕನ್ನಡಕ್ಕೆ ಏಕೆ ಹೊಸದಾಗಿತ್ತು ಎಂಬುದನ್ನು ಕಟ್ಟಡದ ಮೇಲಿನ ಹೆಸರು ಹೇಳಲಾರದು. ಅದನ್ನು ಹೇಳಬೇಕಾದ ಜಾಗ ಗ್ರಂಥಾಲಯ.

ಹೊಸ ದಾರಿ ತುಳಿದ ಸಾಹಿತಿಗಳನ್ನು ಗ್ರಂಥಾಲಯಗಳು ಪ್ರದರ್ಶನದ ಮೂಲಕ ಜನರ ಮುಂದಿಡುವುದು ಹೊರದೇಶಗಳಲ್ಲಿ ರೂಢಿಯಾಗಿದೆ. ಕಾಫ್ಕಾ ತೀರಿಕೊಂಡು ನೂರು ವರ್ಷವಾದ 2024ರಲ್ಲಿ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯ ಅವರ ಹಸ್ತಪ್ರತಿ, ಪತ್ರ, ದಿನಚರಿಗಳನ್ನು ಪ್ರದರ್ಶಿಸಿತು. ನಮ್ಮಲ್ಲಿಯೂ ಇದಕ್ಕೆ ಆಧಾರವಿಲ್ಲದಿಲ್ಲ. ಕಾವ್ಯದಲ್ಲಿ ಪ್ರಾಸದ ಕಟ್ಟು ಬಿಟ್ಟು ಹೊಸಗನ್ನಡಕ್ಕೆ ದಾರಿ ಮಾಡಿದ ಮಂಜೇಶ್ವರದ ಗೋವಿಂದ ಪೈಗಳ ಪುಸ್ತಕ ಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿ ಉಳಿದುಕೊಂಡಿತು. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯೇ ಸ್ಮಾರಕವಾಯಿತು.

ತ.ರಾ.ಸು. ಹುಟ್ಟಿದ್ದು 1920ರ ಏಪ್ರಿಲ್ 21ರಂದು, ಆಗ ಚಿತ್ರದುರ್ಗ ಜಿಲ್ಲೆಯಲ್ಲಿದ್ದ, ಈಗ ದಾವಣಗೆರೆ ಜಿಲ್ಲೆಗೆ ಸೇರಿರುವ ಮಲೇಬೆನ್ನೂರಿನಲ್ಲಿ. ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕಿನದು. ಕುವೆಂಪು ಅವರ ಗುರುಗಳಾದ ಪ್ರೊ. ಟಿ.ಎಸ್. ವೆಂಕಣ್ಣಯ್ಯನವರು ಇವರ ದೊಡ್ಡಪ್ಪ. ಹೀಗೆ ಪಾಂಡಿತ್ಯದ ಮನೆಯಲ್ಲಿ ಬೆಳೆದ ಹುಡುಗ ಹಿಡಿದ ದಾರಿ ಬೇರೆ. ಸ್ವಾತಂತ್ರ್ಯ ಚಳವಳಿಗೆ ಧುಮುಕಿದರು, ಸೆರೆಮನೆ ಕಂಡರು, ಪತ್ರಿಕೆಗಳಲ್ಲಿ ದುಡಿದರು. ಕೊನೆಗೆ ಬರವಣಿಗೆಯನ್ನೇ ನೆಚ್ಚಿ ಬದುಕಿದರು. ತೀರಿಕೊಂಡದ್ದು 1984ರ ಏಪ್ರಿಲ್ 10ರಂದು.

ಅವರ ಬರಹದಲ್ಲಿ ಹೊಸದೇನಿತ್ತು? 1936ರಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಪ್ರಗತಿಶೀಲ ಲೇಖಕರ ಸಮ್ಮೇಳನ ನಡೆಯಿತು. ಅದರ ಅಲೆ 1940ರ ದಶಕದಲ್ಲಿ ಕನ್ನಡಕ್ಕೂ ಬಂತು. ಅ.ನ.ಕೃ. ಮುಂದಾಳು; ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಜೊತೆಗಾರರು. ನವೋದಯದವರ ಪ್ರಕೃತಿ, ಪ್ರೇಮ, ಅನುಭಾವಗಳಿಂದ ಇವರು ಕಥೆಯನ್ನು ಬೀದಿಗೆ ತಂದರು. ಹಸಿವು, ವೇಶ್ಯಾವೃತ್ತಿ, ಒಡೆಯುತ್ತಿರುವ ಅವಿಭಕ್ತ ಕುಟುಂಬ ಕಾದಂಬರಿಯ ವಸ್ತುವಾದವು. ತ.ರಾ.ಸು. ಅವರ ‘ಮಸಣದ ಹೂವು’, ‘ಚಂದವಳ್ಳಿಯ ತೋಟ’ ಇದೇ ಸಾಲಿನವು. ಮುಂದೆ ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ (1954), ‘ಭೂಮಿಗೀತ’ಗಳೊಂದಿಗೆ (1959) ನವ್ಯ ಬೇರೂರಿದಾಗ, ಪ್ರಗತಿಶೀಲರದು ಘೋಷಣೆ, ಭಾವಾವೇಶ ಎಂಬ ಟೀಕೆ ಬಂತು. ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಸಾಮಾನ್ಯ ಓದುಗನಿಗೆ ಕಾದಂಬರಿ ಓದುವ ರುಚಿ ಹತ್ತಿಸಿದವರು ಇವರೇ ಎಂಬುದನ್ನು ಮರೆಯಲಾಗದು.

ಪ್ರದರ್ಶನದ ಮೇಜಿನಲ್ಲಿ ಎರಡನೆಯ ಭಾಗ ದುರ್ಗದ ಕಾದಂಬರಿಗಳಿಗೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಅರಮನೆಯ ಒಳಸಂಚಿನ ಕಥೆಗಳು. ‘ದುರ್ಗಾಸ್ತಮಾನ’ (1982) ಕೊನೆಯ ಮದಕರಿನಾಯಕ 1779ರಲ್ಲಿ ಹೈದರಾಲಿಗೆ ಸೋತ ಕಥೆ. ಇದಕ್ಕೆ 1985ರಲ್ಲಿ, ಅವರು ತೀರಿಕೊಂಡ ಮೇಲೆ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಲ್ಲಿಯೇ ಒಂದು ಎಚ್ಚರವೂ ಬೇಕು. ಕಾದಂಬರಿಯ ಮಾತುಕತೆಗಳೇ ಇಂದು ಹಲವರಿಗೆ ಇತಿಹಾಸವಾಗಿಬಿಟ್ಟಿವೆ. ಎಂ.ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳೆಯಗಾರರು’, ಹುಲ್ಲೂರು ಶ್ರೀನಿವಾಸ ಜೋಯಿಸರ ಸಂಶೋಧನೆಗಳನ್ನು ಕಾದಂಬರಿಯ ಪಕ್ಕದಲ್ಲೇ ಇಟ್ಟರೆ, ದಾಖಲೆ ಎಲ್ಲಿ ನಿಂತಿತು, ಕಲ್ಪನೆ ಎಲ್ಲಿಂದ ಹೊರಟಿತು ಎಂಬುದನ್ನು ಓದುಗನೇ ಹೋಲಿಸಿ ನೋಡಬಹುದು. ಇದರಿಂದ ಕಾದಂಬರಿಕಾರನ ಗೌರವ ಕುಗ್ಗುವುದಿಲ್ಲ; ಅವನ ಕೆಲಸ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಮೂರನೆಯ ಭಾಗ ಸಿನಿಮಾದ್ದು. ದುರ್ಗದ ಸಂಗೀತಗಾರ ವೆಂಕಟಸುಬ್ಬಯ್ಯನ ಕಥೆಯಾದ ‘ಹಂಸಗೀತೆ’ 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ಆಯಿತು. 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಕನ್ನಡದಲ್ಲಿ ತೆರೆಗೆ ತಂದರು. ‘ನಾಗರಹಾವು’ ಗೆದ್ದರೂ ಲೇಖಕರಿಗೆ ಅದು ಒಪ್ಪಿಗೆಯಾಗಲಿಲ್ಲ. ನಾಗರಹಾವು ಕೇರೆಹಾವಾಯಿತು ಎಂಬರ್ಥದಲ್ಲಿ ಅವರು ಬೇಸರಪಟ್ಟದ್ದು ಪ್ರಸಿದ್ಧ. ಚಿತ್ರ ನೋಡಿ ಕಥೆ ಗೊತ್ತು ಎನ್ನುವವರು ಮೂಲ ಕಾದಂಬರಿ ತೆರೆಯಲು ಈ ಒಂದು ಸಂಗತಿಯೇ ಸಾಕು.

ಇಷ್ಟೆಲ್ಲ ತೋರಿಸಲು ಪುಸ್ತಕಗಳು ಉಳಿದಿರಬೇಕಲ್ಲ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಮತ್ತು ನಂತರ ಅಗ್ಗದ ಬೆಲೆಗೆ ಕೊಡಲು ಪ್ರಕಾಶಕರು ಅಗ್ಗದ ಕಾಗದ ಬಳಸಬೇಕಾಗಿತ್ತು. ಮರದ ತಿರುಳಿನ ಇಂಥ ಕಾಗದದಲ್ಲಿ ಆಮ್ಲದ ಅಂಶವಿರುತ್ತದೆ. ಬೆಳಕು, ಸೆಕೆ ತಗಲಿದಂತೆ ಹಾಳೆ ಹಳದಿಯಾಗಿ, ಮಡಿಸಿದಲ್ಲೇ ಮುರಿಯುತ್ತದೆ. ಹಳೆಯ ಪ್ರತಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಮತ್ತಷ್ಟು ಹಾಳು. ಮಂದ ಬೆಳಕಿನಲ್ಲಿ, ಕೆಲವೇ ವಾರ ಪ್ರದರ್ಶಿಸಿ ಒಳಗಿಡಬೇಕು; ಓದಲು ಮರುಮುದ್ರಣ ಕೊಡಬೇಕು. ಹರಿದ ಪುಸ್ತಕವೆಂದು ರದ್ದಿಗೆ ಹಾಕುವ ಮುನ್ನ ಅದು ಮೊದಲ ಮುದ್ರಣವೇ ಎಂದು ಒಮ್ಮೆ ತೆರೆದು ನೋಡುವುದು ಅದಕ್ಕಿಂತ ಮುಖ್ಯ.

ತ.ರಾ.ಸು. ಅವರ ನೂರನೆಯ ಹುಟ್ಟುಹಬ್ಬ, 2020ರ ಏಪ್ರಿಲ್ 21, ಲಾಕ್‌ಡೌನ್‌ನಲ್ಲಿ ಕಳೆದುಹೋಯಿತು. ಆ ದಿನ ಗ್ರಂಥಾಲಯಗಳ ಬಾಗಿಲೂ ಮುಚ್ಚಿತ್ತು. ಆದರೆ ಇಂಥ ಕೆಲಸಕ್ಕೆ ಶತಮಾನವೇ ಬೇಕೆಂದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಜನ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದಾರೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಜಿಲ್ಲಾ ಕೇಂದ್ರದಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಾಗಲಿ, ಬಿ.ದುರ್ಗದಂಥ ಹೋಬಳಿ ಊರಿನಲ್ಲಾಗಲಿ, ಒಂದು ಮೇಜು, ಹತ್ತು ಪುಸ್ತಕ, ನಾಲ್ಕು ಕೈಬರಹದ ಫಲಕಗಳಿದ್ದರೆ ಪ್ರದರ್ಶನ ಸಿದ್ಧ. ಅದನ್ನು ನೋಡಿ ಹೊರಡುವ ಹುಡುಗನೊಬ್ಬ ‘ದುರ್ಗಾಸ್ತಮಾನ’ವನ್ನು ತನ್ನ ಕಾರ್ಡಿನ ಮೇಲೆ ಬರೆಸಿಕೊಂಡು ಹೋದರೆ ಪ್ರದರ್ಶನ ಸಾರ್ಥಕ.