ಗಾಜಿಗೆ ಮುಟ್ಟುವ ಉದ್ದನೆಯ ಕೋಲು

ಬೆಳಗಿನ ಏಳು ಗಂಟೆಗೆ ಪುಣೆಯ ಸಾತಾರಾ ರಸ್ತೆಯ ಧೂಳು ಇನ್ನೂ ಎದ್ದಿರುವುದಿಲ್ಲ. ಕಾತ್ರಜ್ ಘಾಟಿನ ಕಡೆಯಿಂದ ಇಳಿದು ಬರುವ ಗಾಳಿಯಲ್ಲಿ ಅಕ್ಟೋಬರಿನ ಬಿಸಿಲೇರುವ ಮುಂಚಿನ ತಂಪಿದೆ. ಸ್ವಾರಗೇಟಿನತ್ತ ಹೊರಟ ಬಸ್ಸುಗಳು ರಸ್ತೆಯ ನಡುವಿನ ತಮ್ಮ ದಾರಿ ಹಿಡಿದು ಸಾಲಾಗಿ ಸಾಗುತ್ತಿವೆ. ಶಂಕರ ಮಹಾರಾಜರ ಮಠದ ಹತ್ತಿರ ಹೂವಿನವರು ಚೆಂಡುಹೂವಿನ ಗಂಟು ಬಿಚ್ಚುತ್ತಿದ್ದಾರೆ, ಅಮೃತತುಲ್ಯ ಚಹಾದ ಅಂಗಡಿಯಲ್ಲಿ ಶುಂಠಿ ಜಜ್ಜುವ ಸದ್ದು, ಅದರ ಹಿಂದೆಯೇ ಕುದಿಯುವ ಹಾಲಿನ ಘಮ. ಇಷ್ಟನ್ನು ದಾಟಿ ಧನಕವಡಿಯ ಒಳರಸ್ತೆಗೆ ಹೊರಳಿದರೆ ಒಂದು ಆಸ್ಪತ್ರೆಯ ಕಟ್ಟಡ, ನೆಲಮಹಡಿಯ ಮೇಲೆ ಇನ್ನೂ ಮೂರು ಮಹಡಿ. ಮುಂಭಾಗವೆಲ್ಲ ನೀಲಿ ಛಾಯೆಯ ಗಾಜು. ಮಳೆಗಾಲ ಮುಗಿದ ಮೇಲೆ ಆ ಗಾಜಿನ ಮೇಲೆ ಉಳಿದಿರುವುದು ಕೆಸರಿನ ಗೆರೆ, ಪಾರಿವಾಳದ ಹಿಕ್ಕೆ, ಪಕ್ಕದಲ್ಲಿ ಕಟ್ಟುತ್ತಿರುವ ಮನೆಯಿಂದ ಹಾರಿ ಬಂದ ಸಿಮೆಂಟಿನ ಹುಡಿ.

ಗೇಟಿನೊಳಗೆ ಒಂದು ಸಣ್ಣ ಟೆಂಪೊ ನಿಂತಿದೆ. ಅದರ ಹಿಂಭಾಗದಲ್ಲಿ ಬಿಳಿಯ ಟಾಂಕಿ, ಬ್ಯಾಟರಿಯ ಮೇಲೆ ನಡೆಯುವ ಪಂಪು, ಮೂರು ಉದ್ದನೆಯ ಫಿಲ್ಟರ್ ಕೊಳವೆಗಳು, ಗುಂಡಾಗಿ ಸುತ್ತಿಟ್ಟ ಪೈಪು. ಸುತ್ತ ಮೂವರು ಕೆಲಸಗಾರರು. ಮಾತು ಕಿವಿಗೆ ಬಿದ್ದೊಡನೆ ಊರು ಗೊತ್ತಾಗುತ್ತದೆ, ಇಂಡಿ-ಸಿಂದಗಿ ಸೀಮೆಯ ಕನ್ನಡ. ಭೀಮೆಯ ಆಚೆಯಿಂದ ಸೊಲ್ಲಾಪುರ ದಾಟಿ ಪುಣೆಗೆ ದುಡಿಯಲು ಬಂದವರು ಈ ಊರಿನಲ್ಲಿ ಕಟ್ಟಡ ಕಟ್ಟಿದ್ದಾರೆ, ಬಣ್ಣ ಹಚ್ಚಿದ್ದಾರೆ, ಈಗ ಗಾಜು ತೊಳೆಯುತ್ತಿದ್ದಾರೆ.

“ಕಾಕಾ, ಮೀಟರ್ ಏನ್ ತೋರಸ್ತದ ನೋಡ್ರಿ,” ಎಂದ ಹುಡುಗ.

ಹಿರಿಯವರು ಬೆರಳುದ್ದದ ಮೀಟರನ್ನು ಲೋಟದ ನೀರಿಗೆ ಅದ್ದಿ ಕಣ್ಣಿನ ಹತ್ತಿರ ಹಿಡಿದರು. “ಸೊನ್ನಿ ಅದ. ಪಂಪ್ ಚಾಲೂ ಮಾಡು.”

ಆ ಸೊನ್ನೆಯಲ್ಲೇ ಈ ಕೆಲಸದ ಅರ್ಧ ಮರ್ಮವಿದೆ. ಗಾಜನ್ನು ಸೋಪಿಲ್ಲದೆ ತೊಳೆದು, ಒರೆಸದೆ ಹಾಗೇ ಬಿಟ್ಟುಬಿಡುತ್ತಾರೆ. ನೀರು ಆರಿದಾಗ ಕಲೆ ಉಳಿಯುವುದು ನೀರಿನಿಂದಲ್ಲ, ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿಂದ. ಆ ಮೀಟರು ಅಳೆಯುವುದು ಇಂಥ ಕರಗಿದ ಲವಣವನ್ನೇ. ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣವಿದ್ದರೆ ತಕರಾರಿಲ್ಲ ಎನ್ನುತ್ತದೆ ಭಾರತೀಯ ಮಾನಕ ಸಂಸ್ಥೆಯ ನಿಯಮ. ಹೊಟ್ಟೆಗೆ ಸಲ್ಲುವ ಆ ನೀರು ಗಾಜಿಗೆ ಸಲ್ಲದು, ಅಲ್ಲಿ ಹತ್ತಕ್ಕಿಂತ ಕೆಳಗಿರಬೇಕು, ಸೊನ್ನೆಯಾದರೆ ಇನ್ನೂ ಒಳ್ಳೆಯದು. ಖಡಕವಾಸಲಾ ಅಣೆಕಟ್ಟಿನ ಕಡೆಯಿಂದ ಬರುವ ನಳದ ನೀರಾದರೆ ಫಿಲ್ಟರಿಗೆ ಅಷ್ಟು ಕಷ್ಟವಿಲ್ಲ. ಬೋರಿನ ನೀರೋ ಟ್ಯಾಂಕರಿನ ನೀರೋ ಆದರೆ ಆರ್‌ಒ ಪೊರೆ ದಾಟಿ ಬಂದದ್ದನ್ನೂ ರಾಳದ ಕೊಳವೆಯೊಂದರಲ್ಲಿ ಮತ್ತೆ ಹಾಯಿಸಬೇಕು, ಮತ್ತು ಆ ರಾಳ ಬೇಗ ಸೋಲುತ್ತದೆ. ಕಾತ್ರಜ್ ಕೆರೆಯಿಂದ ಶನಿವಾರವಾಡೆಯ ಅರಮನೆಯವರೆಗೆ ನೆಲದೊಳಗಿನ ಕಾಲುವೆಯಲ್ಲಿ ಪೇಶ್ವೆಯರು ನೀರು ಹರಿಸಿದ್ದು 18ನೇ ಶತಮಾನದಲ್ಲಿ. ಆ ನೀರಿನ ಜಾಡಿನಲ್ಲೇ ಬೆಳೆದ ಈ ಬಡಾವಣೆಗಳಲ್ಲಿ ಇಂದಿಗೂ ನೀರೆಂದರೆ ಲೆಕ್ಕವಿಟ್ಟು ಬಳಸುವ ವಸ್ತು. ಅದಕ್ಕೇ ಈ ತಂಡ ಆರ್‌ಒ ಹೊರಹಾಕುವ ನೀರನ್ನು ಚರಂಡಿಗೆ ಬಿಡದೆ ಡ್ರಮ್ಮಿಗೆ ತುಂಬಿಸಿ ಪಾರ್ಕಿಂಗ್ ತೊಳೆಯಲು ಕೊಟ್ಟುಬಿಡುತ್ತದೆ. ಕಂಡು ಮನಸ್ಸಿಗೆ ಹಿತವಾಯಿತು.

ಇವತ್ತು ತೊಳೆಯುವುದರ ಜೊತೆಗೆ ಇನ್ನೊಂದು ಕೆಲಸವೂ ಇದೆ. ಹಳೆಯ ಕೋಲು ಸವೆದಿದೆ, ಹೊಸದು ಕೊಳ್ಳಬೇಕು. ವ್ಯಾಪಾರಿ ಎರಡು ಕೋಲುಗಳನ್ನು ನೋಡಲು ಕಳಿಸಿದ್ದಾನೆ. ಒಂದು ಹಳದಿ ಬಣ್ಣದ ಫೈಬರ್‌ಗ್ಲಾಸ್, ಇನ್ನೊಂದು ಕಪ್ಪು ಕಾರ್ಬನ್ ಫೈಬರ್. ಎರಡೂ ಎಂಟು ಮೀಟರಿನವು. ಟೆಂಪೊದ ಅಂಚಿಗೆ ಒರಗಿಸಿದಾಗ ಎರಡೂ ಆಳೆತ್ತರಕ್ಕಿಂತ ತುಸು ಹೆಚ್ಚು, ಅಷ್ಟೇ. ಒಂದರೊಳಗೊಂದು ಸೇರಿಕೊಂಡ ಕೊಳವೆಗಳು, ಪ್ರತಿಯೊಂದರ ಬಾಯಿಗೂ ಒಂದು ಕ್ಲ್ಯಾಂಪು.

ಮೊದಲು ಹಳದಿಯದು. ಕಾಕಾ ಅತ್ಯಂತ ತೆಳುವಾದ ಕೊಳವೆಯನ್ನು ಮೊದಲು ಎಳೆದರು, ಟಕ್ಕೆಂದು ಕ್ಲ್ಯಾಂಪು ಮಡಚಿದರು, ಆಮೇಲೆ ಅದಕ್ಕಿಂತ ದಪ್ಪನೆಯದು, ಮತ್ತೆ ಟಕ್. ದಪ್ಪನೆಯದನ್ನು ಮೊದಲು ಎತ್ತಿದರೆ ಉಳಿದ ಕ್ಲ್ಯಾಂಪುಗಳು ಕೈಗೆ ಸಿಗದಷ್ಟು ಮೇಲೆ ಹೋಗಿಬಿಡುತ್ತವೆ. ಬ್ರಷ್ಷು ಮೊದಲ ಮಹಡಿ ದಾಟುವವರೆಗೆ ಕೋಲು ನೆಟ್ಟಗಿತ್ತು. ಎರಡನೆಯ ಮಹಡಿಯ ಗಾಜಿಗೆ ಮುಟ್ಟುವಷ್ಟರಲ್ಲಿ ನಡು ಬಾಗಿ, ಗಾಳಿಗೆ ಜೋಳದ ದಂಟು ತೂಗಿದ ಹಾಗೆ ತುದಿ ತೂಗತೊಡಗಿತು. ಕಾಕಾ ಕೆಳಗಿಂದ ಒಂದು ಸಲ ತಳ್ಳಿದರೆ ಬ್ರಷ್ಷು ಅರೆಕ್ಷಣ ತಡವಾಗಿ ಚಲಿಸುತ್ತದೆ. ಕೊಳೆಯ ಮೇಲೆ ಒತ್ತು ಬೀಳುವುದಿಲ್ಲ, ಬಲವೆಲ್ಲ ಬಾಗಿನಲ್ಲೇ ಕರಗುತ್ತದೆ. ಕೊಳವೆಯ ದಪ್ಪ ಅಷ್ಟೇ ಇದ್ದು ಉದ್ದ ಎರಡು ಪಟ್ಟಾದರೆ, ತುದಿಯ ಭಾರಕ್ಕೆ ಆಗುವ ಬಾಗು ಎಂಟು ಪಟ್ಟಾಗುತ್ತದೆ. ಈ ಲೆಕ್ಕ ಎಂಜಿನಿಯರಿಂಗ್ ಪುಸ್ತಕದಲ್ಲಿದೆ. ಕಾಕಾನಿಗೆ ಅದು ಗೊತ್ತಿರುವುದು ಮುಂಗೈಯಿಂದ.

“ಬೆಳಗ್ಗಿ ಚಲೋ ಅನಸ್ತದ ತಮ್ಮಾ. ಮಧ್ಯಾಹ್ನ ಮೂರಕ್ಕ ಭುಜಾ ಮಾತಾಡ್ತದ.”

ಕಪ್ಪು ಕೋಲನ್ನು ಎತ್ತಿದಾಗ ಅವರ ಮುಖದ ಬಿಗಿ ಸಡಿಲಾದದ್ದನ್ನು ದೂರದಿಂದಲೂ ಕಾಣಬಹುದಿತ್ತು. ಕೋಲಿಗೆ ಬಳಸುವ ಅಲ್ಯುಮಿನಿಯಂನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ, ಫೈಬರ್‌ಗ್ಲಾಸಿನದು ಎರಡಕ್ಕೆ ಹತ್ತಿರ, ಕಾರ್ಬನ್ನಿನದು 1.6ರ ಆಸುಪಾಸು. ಹಗುರವಿರುವುದರ ಜೊತೆಗೆ ಅದು ಗಡುಸು ಕೂಡ. ಹೀಗಾಗಿ ಕೊಳವೆಯ ಗೋಡೆ ತೆಳುವಾಗಿದ್ದರೂ ಅಷ್ಟಾಗಿ ಬಾಗುವುದಿಲ್ಲ. ಎಂಟು ಮೀಟರಿನ ಫೈಬರ್‌ಗ್ಲಾಸ್ ಕೋಲು ಮೂರು ಕಿಲೊ ಆಸುಪಾಸು ತೂಗಿದರೆ, ಅದೇ ಉದ್ದದ ಒಳ್ಳೆಯ ಕಾರ್ಬನ್ ಕೋಲು ಎರಡು ಕಿಲೊದೊಳಗೆ ನಿಲ್ಲುತ್ತದೆ. ಒಂದು ಕಿಲೊ ಏನು ಮಹಾ ಎನ್ನಿಸುವುದು ಸಹಜ. ಆದರೆ ಈ ಭಾರವನ್ನು ತಲೆಯ ಮೇಲೆ ಹೊರುವುದಿಲ್ಲ, ಎರಡು ತೋಳು ಮುಂದೆ ಚಾಚಿ, ಕತ್ತು ಹಿಂದಕ್ಕೆ ಮಾಡಿ, ಮೇಲೆ ಕೆಳಗೆ ಆಡಿಸುತ್ತ ದಿನವಿಡೀ ಹಿಡಿಯಬೇಕು. ಕೊಳ್ಳುವಾಗ ಎಷ್ಟೋ ಜನ ಬರೀ ಕೋಲನ್ನು ತೂಗಿ ನೋಡುತ್ತಾರೆ. ಕೋಲಿನೊಳಗೆ ಎಂಟು ಮಿಲಿಮೀಟರಿನ ಪೈಪು ಓಡುತ್ತದೆ, ಆ ಪೈಪಿನೊಳಗೆ ನೀರು ನಿಂತಿರುತ್ತದೆ. ಮೀಟರಿಗೆ ಎರಡೂ ಸೇರಿ ಸುಮಾರು 60 ಗ್ರಾಂ, ಎಂದರೆ ಎಂಟು ಮೀಟರಿಗೆ ಅರ್ಧ ಕಿಲೊ. ಅದರ ಮೇಲೆ ತುದಿಯಲ್ಲಿ ಒದ್ದೆ ಬ್ರಷ್ಷು. ತುದಿಯಲ್ಲಿ ಉಳಿಸಿದ ನೂರು ಗ್ರಾಂ ಬುಡದಲ್ಲಿ ಉಳಿಸಿದ ಅರ್ಧ ಕಿಲೊಗಿಂತ ಹೆಚ್ಚಿನ ಸುಖ ಕೊಡುತ್ತದೆ ಎನ್ನುವುದು ಕೋಲು ಹಿಡಿದ ಯಾರಾದರೂ ಒಪ್ಪುವ ಮಾತು. ಆದ್ದರಿಂದ ಕೋಲನ್ನು ಪೂರ್ತಿ ಚಾಚಿ, ಬ್ರಷ್ಷು ಸಿಕ್ಕಿಸಿ, ನೀರು ಬಿಟ್ಟು, ಹತ್ತು ನಿಮಿಷ ಆಡಿಸಿ ನೋಡದೆ ಬೆಲೆ ಮಾತಾಡಬಾರದು.

ಕಾಕಾ ಕಟ್ಟಡದ ಬಲಬದಿಗೆ ಹೋಗುವ ಮುನ್ನ ನಿಂತು ತಲೆಯೆತ್ತಿ ನೋಡಿದರು. ಕಂಬದಿಂದ ಪಕ್ಕದ ಕಟ್ಟಡಕ್ಕೆ ಒಂದು ವಿದ್ಯುತ್ ತಂತಿ ಅಡ್ಡಲಾಗಿ ಹೋಗಿದೆ. ಕಪ್ಪು ಕೋಲನ್ನು ಅಲ್ಲೇ ಇಳಿಸಿ, ಮಡಚಿ, ಅಡ್ಡ ಹಿಡಿದುಕೊಂಡು ತಂತಿಯನ್ನು ದಾಟಿದರು. ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ, ಅಲ್ಯುಮಿನಿಯಂನಲ್ಲಂತೂ ಸರಿಯೇ ಸರಿ. ಫೈಬರ್‌ಗ್ಲಾಸಿನಲ್ಲಿ ಹರಿಯದು ಎಂದು ವ್ಯಾಪಾರಿಗಳು ಹೇಳುವುದು ಒಣಗಿದ, ಶುಚಿಯಾದ ಕೋಲಿನ ಮಾತು. ಮೈಯೆಲ್ಲ ಒದ್ದೆಯಾಗಿ ಕೊಳೆ ಮೆತ್ತಿಕೊಂಡ ಕೋಲಿಗೆ ಆ ಭರವಸೆ ಇಲ್ಲ. ಯಾವ ಕೋಲನ್ನಾದರೂ ಕೊಳ್ಳಿ, ತಂತಿಯ ಹತ್ತಿರ ಎತ್ತಬೇಡಿ. ಹಳೆಯ ಗಾವಠಾಣದ ಕಿರಿದಾದ ಗಲ್ಲಿಗಳಲ್ಲಿ ಈ ಒಂದು ಎಚ್ಚರ ಉಳಿದೆಲ್ಲ ಆಯ್ಕೆಗಿಂತ ಮೇಲಿನದು.

ಬಲಬದಿಯಲ್ಲಿ ಆಸ್ಪತ್ರೆಗೂ ಪಕ್ಕದ ಅಪಾರ್ಟ್‌ಮೆಂಟಿಗೂ ನಡುವೆ ಇರುವುದು ಎರಡು ಮೀಟರಿನ ಸಂದು. ಒದ್ದೆ ಫರಸಿ, ಬಟ್ಟೆ ಒಗೆದ ಸೋಪಿನ ವಾಸನೆ, ಮೇಲೆಲ್ಲೋ ಕುಕ್ಕರ್ ಸೀಟಿ. ಕೋಲಿನ ಉದ್ದ ಎಷ್ಟಿರಬೇಕು ಎಂಬ ಪ್ರಶ್ನೆಗೆ ಉತ್ತರ ಇಂಥ ಸಂದಿನಲ್ಲೇ ಸಿಗುವುದು. ನಮ್ಮ ಕಟ್ಟಡಗಳಲ್ಲಿ ಒಂದು ಮಹಡಿ ಎಂದರೆ ಸುಮಾರು ಮೂರು ಮೀಟರ್, ಕಿಟಕಿಯ ಮೇಲಿನ ಅಂಚು ನೆಲಹಾಸಿನಿಂದ 2.1 ಮೀಟರ್ ಎತ್ತರಕ್ಕೆ. ತಳಪಾಯದ ಎತ್ತರವನ್ನೂ ಸೇರಿಸಿಕೊಂಡರೆ ಎರಡನೆಯ ಮಹಡಿಯ ಕಿಟಕಿ ಮುಗಿಯುವುದು ಎಂಟೂವರೆ ಮೀಟರಿನಲ್ಲಿ, ಮೂರನೆಯದು ಹನ್ನೊಂದೂವರೆಯಲ್ಲಿ. ಕೋಲನ್ನು ಸೊಂಟದ ಮೇಲೆ ಹಿಡಿದು, ಗೋಡೆಯಿಂದ ಹಿಂದೆ ಸರಿದು ಓರೆಯಾಗಿ ಚಾಚಿದಾಗ ಎಂಟು ಮೀಟರಿನದು ಎರಡನೆಯ ಮಹಡಿಗೆ ಸರಿಯಾಗಿ ಸಲ್ಲುತ್ತದೆ. ಮೂರನೆಯದಕ್ಕೆ ಹನ್ನೊಂದರ ಕೋಲು ಬೇಕು. ಆದರೆ ಹನ್ನೊಂದರ ಕೋಲನ್ನು ಹಾಯಾಗಿ ಆಡಿಸಲು ಗೋಡೆಯಿಂದ ಮೂರೂವರೆ ಮೀಟರಿಗೂ ಹೆಚ್ಚು ಹಿಂದೆ ನಿಲ್ಲಬೇಕು. ಎರಡು ಮೀಟರಿನ ಸಂದಿನಲ್ಲಿ ಅದು ಬಹುತೇಕ ನೆಟ್ಟಗೆ ನಿಂತುಬಿಡುತ್ತದೆ, ಕತ್ತು ಮುರಿಯುವಂತೆ ನೋವು, ಬ್ರಷ್ಷು ಗಾಜಿಗೆ ಅಂಚಿನಿಂದ ಮಾತ್ರ ತಾಗುತ್ತದೆ. ಅದಕ್ಕಾಗಿ ತುದಿಗೆ ಬಾಗಿಸಬಹುದಾದ ಒಂದು ಕೊಕ್ಕು ಬೇಕು. ಕಾಕಾ ಆ ಕೊಕ್ಕನ್ನು ಕೈಯಿಂದಲೇ ತಿರುಗಿಸಿ, ಬ್ರಷ್ಷನ್ನು ಗಾಜಿಗೆ ಮುಖ ಮಾಡಿಸಿದರು.

ಅತಿ ಉದ್ದನೆಯ ಕೋಲನ್ನೇ ಒಮ್ಮೆಗೇ ಕೊಂಡರೆ ಎಲ್ಲಕ್ಕೂ ಆಯಿತಲ್ಲ ಎನ್ನುವುದು ಮಾಲೀಕರ ಸಹಜ ಯೋಚನೆ. ನನಗೆ ಅದು ಸರಿ ಕಾಣುವುದಿಲ್ಲ. ಹದಿಮೂರು ಮೀಟರಿನ ಕೋಲನ್ನು ಮಡಚಿ ಮೊದಲ ಮಹಡಿಗೆ ಬಳಸಿದರೂ ಅದರ ದಪ್ಪ ಬುಡ, ಅಷ್ಟೂ ಕೊಳವೆಗಳ ಭಾರ ಕೈಯಲ್ಲೇ ಇರುತ್ತದೆ. ಎಂಟರ ಕೋಲು ತೆಗೆದುಕೊಂಡು, ಬೇಕಾದಾಗ ಬುಡಕ್ಕೆ ಜೋಡಿಸುವ ತುಂಡುಗಳು ಅದೇ ತಯಾರಕರಲ್ಲಿ ಸಿಗುತ್ತವೆಯೇ ಎಂದು ಕೇಳಿಕೊಳ್ಳುವುದು ಜಾಣತನ. ಕ್ಲ್ಯಾಂಪಿನ ಮಾತೂ ಹಾಗೇ. ಹುಡುಗ ಹಳೆಯ ಕೋಲಿನ ಕ್ಲ್ಯಾಂಪುಗಳನ್ನು ತೋರಿಸಿದ. ಒಂದಕ್ಕೆ ರಬ್ಬರ್ ಬ್ಯಾಂಡು ಸುತ್ತಿದೆ, ಇನ್ನೊಂದು ಸೀಳಿದೆ, ಮರಳು ಸೇರಿ ಕೊಳವೆಯ ಮೈಮೇಲೆ ಗೀರುಗಳು. ಕ್ಲ್ಯಾಂಪನ್ನು ಬಿಗಿ ಮಾಡಲು ತಿರುಪಿದೆಯೇ, ಬಿಡಿಯಾಗಿ ಸಿಗುತ್ತದೆಯೇ, ಪುಣೆಯಲ್ಲೇ ಸಿಗುತ್ತದೆಯೇ? ಹೊರದೇಶದಿಂದ ಬಿಡಿಭಾಗ ಬರುವ ತನಕ ಕೋಲು ಮೂಲೆ ಸೇರಿದರೆ ಅಷ್ಟು ದಿನದ ಕೂಲಿಯೂ ಮೂಲೆ ಸೇರುತ್ತದೆ.

ಮುಂಭಾಗಕ್ಕೆ ಮರಳಿ ಬಂದರೆ ಈಗ ಬಿಸಿಲು ಗಾಜಿಗೆ ಬಿದ್ದಿದೆ. ಕೆಲಸಕ್ಕೆ ಒಂದು ಲಯ ಬಂದಿದೆ. ಮೊದಲು ಮೇಲಿನ ಚೌಕಟ್ಟು, ಅಲ್ಲಿನ ಧೂಳು ಇಳಿದ ಮೇಲೆ ಗಾಜು, ಬ್ರಷ್ಷು ಸರ್ ಸರ್ ಎಂದು ಏರುತ್ತದೆ, ಇಳಿಯುತ್ತದೆ. ಬ್ರಷ್ಷಿನ ನಡುವಿನ ಎರಡು ರಂಧ್ರಗಳಿಂದ ನಿಮಿಷಕ್ಕೆ ಎರಡು ಲೀಟರಿನಷ್ಟು ನೀರು ಚಿಮ್ಮುತ್ತಿದೆ. ಕೊನೆಗೆ ಬ್ರಷ್ಷನ್ನು ಗಾಜಿನಿಂದ ತುಸು ಎತ್ತಿ ಮೇಲಿನಿಂದ ನೀರು ಮಾತ್ರ ಬಿಡುತ್ತಾರೆ. ಕಂದು ನೀರು ಕೆಳಗೆ ಹರಿದು ಹೋಗಿ, ಹಿಂದೆಯೇ ತಿಳಿನೀರಿನ ಪರದೆ ಇಳಿಯುತ್ತದೆ, ಕೆಲವು ನಿಮಿಷಗಳಲ್ಲಿ ಆರುತ್ತದೆ. ಹಿಕ್ಕೆ ಗಟ್ಟಿಯಾದ ಕಡೆ ಮೆತ್ತನೆಯ ನೈಲಾನ್ ಎಳೆಗಳು ಸೋತವು. ಕಾಕಾ ಬ್ರಷ್ಷು ಇಳಿಸಿ ಬಿರುಸಾದ ಎಳೆಗಳದ್ದನ್ನು ಸಿಕ್ಕಿಸಿದರು. ಒಂದೇ ಬ್ರಷ್ಷು ಎಲ್ಲಕ್ಕೂ ಆಗದು. ತಾರಸಿಯ ಸೋಲಾರ್ ಪ್ಯಾನೆಲ್ಲುಗಳನ್ನೂ ಇದೇ ಕೋಲಿನಿಂದ ತೊಳೆಯುವುದಿದ್ದರೆ ಮೆತ್ತನೆಯದೇ ಬೇಕು.

ಕೋಲಿನ ಕೈಗೆ ಸಾಗದ ಕೆಲಸವೂ ಇದೆ. ಪಕ್ಕದ ಅಪಾರ್ಟ್‌ಮೆಂಟಿನ ಕಿಟಕಿಗಳಿಗೆಲ್ಲ ಹೊರಗೆ ಚಾಚಿದ ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿನಲ್ಲಿ ತುಳಸಿ ಕುಂಡ, ಒಣಗಲು ಹಾಕಿದ ಬಟ್ಟೆ. ಅಲ್ಲಿಗೆ ಬ್ರಷ್ಷು ನುಗ್ಗುವುದಿಲ್ಲ. ಅಂಟಿ ಗಟ್ಟಿಯಾದ ಸಿಮೆಂಟಿನ ಹನಿಗೂ ಬಣ್ಣದ ಚುಕ್ಕೆಗೂ ಹತ್ತಿರದಿಂದ ಬ್ಲೇಡೇ ಗತಿ. ಇನ್ನೂ ಎತ್ತರದ ಕಟ್ಟಡಗಳಿಗೆ ಹಗ್ಗದ ಝೂಲಾ, ತರಬೇತಾದ ಆಳು ಬೇಕೇ ಬೇಕು.

ಏಣಿಯ ಬದಲು ಕೋಲು ಹಿಡಿಯುವ ಈ ಪದ್ಧತಿ ಬ್ರಿಟನ್ನಿನಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 2005ರ ನಂತರ. ನೆಲದ ಮೇಲೆ ನಿಂತು ಮಾಡಬಹುದಾದ ಕೆಲಸಕ್ಕೆ ಮನುಷ್ಯನನ್ನು ಎತ್ತರಕ್ಕೆ ಹತ್ತಿಸಕೂಡದು ಎಂಬ ಅರ್ಥದ ನಿಯಮಗಳು ಆ ವರ್ಷ ಅಲ್ಲಿ ಜಾರಿಗೆ ಬಂದವು. ಒದ್ದೆ ಫರಸಿಯ ಮೇಲೆ ಊರಿದ ನಿಚ್ಚಣಿಕೆಯ ಕೊನೆಯ ಮೆಟ್ಟಿಲಲ್ಲಿ, ಒಂದು ಕೈಯಲ್ಲಿ ವೈಪರ್, ಇನ್ನೊಂದು ಕೈಯಲ್ಲಿ ಬಕೀಟು ಹಿಡಿದು ನಿಂತ ಹುಡುಗರನ್ನು ನಾವೆಲ್ಲ ನೋಡಿದ್ದೇವೆ, ನೋಡಿ ಮುಂದೆ ನಡೆದಿದ್ದೇವೆ. ಆ ಹುಡುಗರು ನೆಲದ ಮೇಲೇ ನಿಲ್ಲುವಂತಾಗುವುದು ನನಗೆ ಈ ಕೋಲಿನ ಎಲ್ಲ ಗುಣಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಹತ್ತರ ಹೊತ್ತಿಗೆ ತಂಡದ ಮಾಲೀಕರು ಬಂದರು. ಕಾರ್ಬನ್ನಿನ ಬೆಲೆ ಹಲವು ಪಟ್ಟು, ಅದು ಅವರ ಚಿಂತೆ, ನ್ಯಾಯವಾದದ್ದೇ. “ಕಾಯ್ ಮ್ಹಣತಾ ಕಾಕಾ?” ಏನಂತೀರಿ ಎಂದು ಮರಾಠಿಯಲ್ಲಿ ಕೇಳಿದರು. ಕಾಕಾ ಉತ್ತರವನ್ನು ಲೆಕ್ಕದಲ್ಲೇ ಕೊಟ್ಟರು. ಹಳದಿ ಕೋಲಿನಲ್ಲಿ ಮಧ್ಯಾಹ್ನದ ನಂತರ ಕೆಲಸ ನಿಧಾನ, ಕಪ್ಪಿನಲ್ಲಿ ಸಂಜೆವರೆಗೂ ಒಂದೇ ಸಮ. ದಿನಕ್ಕೊಂದೆರಡು ತಾಸು ಬಳಸುವವರಿಗೆ, ಒಂದು ಮಹಡಿಯ ಅಂಗಡಿ ಸಾಲಿಗೆ ಫೈಬರ್‌ಗ್ಲಾಸ್ ಸಾಕು. ಇಡೀ ದಿನ ಇದನ್ನೇ ಮಾಡುವವರಿಗೆ ಕಾರ್ಬನ್, ಅದು ಆಗದಿದ್ದರೆ ಎರಡೂ ಬೆರೆಸಿ ಮಾಡಿದ ಕೋಲು. ನನ್ನ ತೀರ್ಪೂ ಅದೇ.

ಸೊಸೈಟಿಯ ಕಾರ್ಯದರ್ಶಿಗಳೇ, ಆಸ್ಪತ್ರೆ, ಕಾಲೇಜುಗಳ ವ್ಯವಸ್ಥಾಪಕರೇ, ಗಾಜು ತೊಳೆಯುವ ಗುತ್ತಿಗೆ ಕೊಡುವಾಗ ಎಷ್ಟು ರೂಪಾಯಿ ಎಂದು ಕೇಳುವ ಜೊತೆಗೆ ನಿಚ್ಚಣಿಕೆಯೋ ಕೋಲೋ ಎಂದೂ ಕೇಳಿ. ಕೋಲು ಕೊಳ್ಳುವ ಮಾಲೀಕರೇ, ಅಂಗಡಿಗೆ ಒಬ್ಬರೇ ಹೋಗಬೇಡಿ, ಅದನ್ನು ದಿನವೂ ಎತ್ತಿ ಹಿಡಿಯುವವರನ್ನು ಜೊತೆಗೆ ಕರೆದುಕೊಂಡು ಹೋಗಿ.