ಕಡತದಿಂದ ಕಾರ್ಖಾನೆಗೆ: ಆರ್.ಸಿ. ಭಾರ್ಗವ ಅವರ ವೃತ್ತಿಪಥ

ಸರ್ಕಾರಿ ಸೇವೆಯ ಉನ್ನತ ಹುದ್ದೆಗಳಿಂದ ಉದ್ಯಮರಂಗಕ್ಕೆ ಹೋದ ಅಧಿಕಾರಿಗಳು ಭಾರತದಲ್ಲಿ ಹಲವರಿದ್ದರೂ, ಒಂದೇ ಸಂಸ್ಥೆಯನ್ನು ಬುನಾದಿಯಿಂದ ಕಟ್ಟಿ, ದಶಕಗಳ ನಂತರ ಅದರ ಅಧ್ಯಕ್ಷರೂ ಆದ ಆರ್.ಸಿ. ಭಾರ್ಗವ ಅವರ ವೃತ್ತಿಜೀವನ ವಿಶೇಷ ಅಧ್ಯಯನಕ್ಕೆ ಅರ್ಹವಾದದ್ದು. 1934ರಲ್ಲಿ ಜನಿಸಿ 1956ರಲ್ಲಿ ಐಎಎಸ್ ಸೇರಿದ ಅವರು ಉತ್ತರ ಪ್ರದೇಶ ವೃಂದದ ಅಧಿಕಾರಿಯಾಗಿ, ಬಳಿಕ ಕೇಂದ್ರದಲ್ಲಿ ಜಂಟಿ ಕಾರ್ಯದರ್ಶಿಯಾಗಿ ದುಡಿದು, ಸಾರ್ವಜನಿಕ ವಲಯದ ಬಿಎಚ್‌ಇಎಲ್ ಕಂಪನಿಯಲ್ಲೂ ಅನುಭವ ಪಡೆದರು. 1981ರಲ್ಲಿ ಎರವಲು ಸೇವೆಯ ಮೇಲೆ, ಎಂದರೆ ಮೂಲ ಹುದ್ದೆಯ ಹಕ್ಕು ಉಳಿಸಿಕೊಂಡು ನಿಗದಿತ ಅವಧಿಗೆ ಬೇರೆಡೆ ದುಡಿಯುವ ವ್ಯವಸ್ಥೆಯಡಿ, ಸರ್ಕಾರಿ ಸ್ವಾಮ್ಯದ ಕಾರು ತಯಾರಿಕಾ ಸಂಸ್ಥೆಯಾದ ಮಾರುತಿ ಉದ್ಯೋಗ್‌ಗೆ ಬಂದ ಅವರು, ಮುಂದೆ ಐಎಎಸ್ ತೊರೆದು ಅಲ್ಲಿಯೇ ಉಳಿದರು.

ಉತ್ಪಾದನೆಯ ಪ್ರಮಾಣಕ್ಕೂ ಸರ್ಕಾರದ ಅನುಮತಿ ಬೇಕಿದ್ದ ಲೈಸೆನ್ಸ್ ಪದ್ಧತಿಯ ಆ ಕಾಲದಲ್ಲಿ ಅಂಬಾಸಿಡರ್, ಪದ್ಮಿನಿ ಕಾರುಗಳಿಗಾಗಿ ಗ್ರಾಹಕರು ವರ್ಷಗಟ್ಟಲೆ ಕಾಯುತ್ತಿದ್ದರು. ವಿ. ಕೃಷ್ಣಮೂರ್ತಿ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಮಾರುತಿಯಲ್ಲಿ ಜಪಾನಿನ ಸುಜುಕಿ ಕಂಪನಿ 1982ರ ಒಪ್ಪಂದದಂತೆ ಶೇ 26ರಷ್ಟು ಪಾಲು ಪಡೆಯಿತು; 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ಗ್ರಾಹಕರಿಗೆ ಹಸ್ತಾಂತರಿಸಿದರು.

1985ರಲ್ಲಿ ವ್ಯವಸ್ಥಾಪಕ ನಿರ್ದೇಶಕರಾದ ಭಾರ್ಗವ ಅವರ ಹಿರಿಮೆ ಇರುವುದು ಯಂತ್ರಗಳಿಗಿಂತಲೂ ಕಾರ್ಯಸಂಸ್ಕೃತಿಯನ್ನು ಬೇರೂರಿಸಿದುದರಲ್ಲಿ. ಅಧಿಕಾರಿಗೂ ಕಾರ್ಮಿಕನಿಗೂ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು, ಗೋಡೆಗಳಿಲ್ಲದ ಕಚೇರಿ, ದುಡಿಯುವವರೇ ಸೂಚಿಸುವ ಸಣ್ಣ ಸುಧಾರಣೆಗಳನ್ನು ನಿರಂತರವಾಗಿ ಅಳವಡಿಸುವ ‘ಕೈಜೆನ್’ ಕ್ರಮ, ಇವೆಲ್ಲ ಶ್ರೇಣಿಭೇದವೇ ಶಿಸ್ತೆಂದು ನಂಬಿದ್ದ ಸಾರ್ವಜನಿಕ ವಲಯಕ್ಕೆ ಹೊಸತಾಗಿದ್ದವು. ಆಮದು ಬಿಡಿಭಾಗಗಳ ಜಾಗದಲ್ಲಿ ದೇಶೀಯವಾದವನ್ನು ಹಂತಹಂತವಾಗಿ ಬಳಸುವ ಗುರಿಯಿಂದಾಗಿ, ಕಾರ್ಖಾನೆಯಿದ್ದ ಗುರುಗ್ರಾಮದ ಸುತ್ತಮುತ್ತ ಪೂರೈಕೆದಾರ ಘಟಕಗಳ ಜಾಲವೊಂದು ಬೆಳೆಯಿತು.

1992ರಲ್ಲಿ ಸುಜುಕಿಯ ಪಾಲು ಶೇ 50ಕ್ಕೇರಿದ ಬಳಿಕ, ಸಂಸ್ಥೆಯನ್ನು ನಡೆಸುವ ಅಂತಿಮ ಅಧಿಕಾರ ಯಾರದೆಂಬ ಪ್ರಶ್ನೆ ತೀವ್ರವಾಯಿತು; 1997ರಲ್ಲಿ ಭಾರ್ಗವ ನಿವೃತ್ತರಾದಾಗ ಉತ್ತರಾಧಿಕಾರಿಯ ನೇಮಕವೇ ಸರ್ಕಾರ ಮತ್ತು ಸುಜುಕಿಯ ನಡುವಣ ವ್ಯಾಜ್ಯವಾಗಿ ಬೆಳೆದುದು ಇದಕ್ಕೆ ಸಾಕ್ಷಿ. ಸರ್ಕಾರ ತನ್ನ ಉಳಿದ ಷೇರುಗಳನ್ನೂ ಮಾರಿ ಹೊರನಡೆದ 2007ರಲ್ಲಿಯೇ ಅವರು ಅಧ್ಯಕ್ಷರಾಗಿ ನೇಮಕಗೊಂಡರು. 2012ರ ಜುಲೈನಲ್ಲಿ ಮಾರುತಿಯ ಮಾನೇಸರ್ ಘಟಕದಲ್ಲಿ ನಡೆದ ಹಿಂಸಾಚಾರದಲ್ಲಿ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡದ್ದು, ಗುತ್ತಿಗೆ ಕಾರ್ಮಿಕರ ಸ್ಥಿತಿಗತಿಯ ಚರ್ಚೆಯನ್ನು ತೀವ್ರಗೊಳಿಸಿದ್ದಲ್ಲದೆ, ಸಮವಸ್ತ್ರ ಒಂದಾದ ಮಾತ್ರಕ್ಕೆ ಸಮಾನತೆ ಪೂರ್ಣವಾಗದೆಂಬುದನ್ನೂ ತೋರಿಸಿತು.

2016ರಲ್ಲಿ ಪದ್ಮಭೂಷಣ ಗೌರವಕ್ಕೆ ಪಾತ್ರರಾದ ಭಾರ್ಗವ ಅವರ ಬದುಕು ಆಡಳಿತಾನುಭವದ ನಿಜವಾದ ಬೆಲೆಯನ್ನು ಸ್ಪಷ್ಟಪಡಿಸುತ್ತದೆ. ನಿವೃತ್ತ ಅಧಿಕಾರಿಗಳನ್ನು ಕೇವಲ ಪ್ರಭಾವಕ್ಕಾಗಿ ನೇಮಿಸಿಕೊಳ್ಳುವ ಕಂಪನಿಗೆ ದೊರೆಯುವುದು ಕೆಲಕಾಲದ ಅನುಕೂಲ ಮಾತ್ರ. ನಿಯಮದ ಹಿಂದಿರುವ ಉದ್ದೇಶವನ್ನು ಅರಿತು, ಸಾರ್ವಜನಿಕ ಹಣಕ್ಕೆ ಲೆಕ್ಕ ಕೊಡುವ ಹೊಣೆಯನ್ನು ಮೈಗೂಡಿಸಿಕೊಂಡು, ವ್ಯಕ್ತಿ ನಿರ್ಗಮಿಸಿದ ಮೇಲೂ ನಿಲ್ಲಬಲ್ಲ ಪದ್ಧತಿಗಳನ್ನು ರೂಪಿಸುವ ಅಧಿಕಾರಿಯಿಂದ ಉದ್ಯಮಕ್ಕೂ ನಾಡಿಗೂ ಸಮಾನವಾಗಿ ಲಾಭವಾಗುತ್ತದೆ.