ಆಸ್ಪತ್ರೆ ಕೆಡವುವ ಮುನ್ನ ಕೇಳಬೇಕಾದವರು

ಮರಾಠಿ ದಿನಪತ್ರಿಕೆಗಳ ಒಳಪುಟಗಳಲ್ಲಿ, ಬ್ಯಾಂಕಿನ ಹರಾಜು ಪ್ರಕಟಣೆಗಳಿಗೂ ಕಳೆದುಹೋದ ಕಾಗದಪತ್ರಗಳ ಜಾಹೀರಾತಿಗೂ ನಡುವೆ, ಆಗಾಗ ಸಣ್ಣ ಅಕ್ಷರದ ಒಂದು ಚೌಕಟ್ಟು ಕಾಣಿಸಿಕೊಳ್ಳುವುದುಂಟು. ಅದರಲ್ಲಿ ‘ಹರಕತಿ ವ ಸೂಚನಾ’ ಎಂಬ ಮಾತಿರುತ್ತದೆ. ಆಕ್ಷೇಪಣೆ ಮತ್ತು ಸಲಹೆ ಎಂದು ಅದರ ಅರ್ಥ. ಇಂಥ ಜಾಗದ ಉದ್ದೇಶವನ್ನು ಬದಲಾಯಿಸಬೇಕೆಂದಿದ್ದೇವೆ, ನಿಮ್ಮದೇನಾದರೂ ಹೇಳುವುದಿದ್ದರೆ ಒಂದು ತಿಂಗಳೊಳಗೆ ಬರೆದು ತಿಳಿಸಿರಿ ಎಂದು ಊರಿನ ಆಡಳಿತವು ಕೇಳುತ್ತಿರುತ್ತದೆ. ಮಹಾರಾಷ್ಟ್ರದ 1966ರ ಪ್ರಾದೇಶಿಕ ಹಾಗೂ ನಗರರಚನಾ ಕಾಯಿದೆಯ 37ನೆಯ ಕಲಮಿನಲ್ಲಿ ಈ ಏರ್ಪಾಡಿದೆ. ಅಲ್ಲಿ ಯಾವ ವ್ಯಕ್ತಿಯೂ ಬರೆಯಬಹುದೆಂದಿದೆಯೇ ಹೊರತು ಮರಾಠಿ ಮಾತೃಭಾಷೆಯವನಾಗಿರಬೇಕೆಂದಿಲ್ಲ. ಸ್ವಂತ ಮನೆ ಇರಬೇಕೆಂದೂ ಇಲ್ಲ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಸಂಸಾರ ಹೂಡಿರುವ ನಾವೂ ಆ ‘ವ್ಯಕ್ತಿ’ಗಳಲ್ಲಿ ಸೇರಿದವರೇ.

ನಾನು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಸಾರ್ವಜನಿಕರ ಅರ್ಜಿಗಳನ್ನು ನೋಂದಾಯಿಸಿ, ನಂಬರು ಹಾಕಿ, ಫೈಲಿಗೆ ಸೇರಿಸುವ ಕೆಲಸ ಎಷ್ಟೋ ವರ್ಷ ಮಾಡಿದ್ದೇನೆ. ಆ ಅರ್ಜಿಗಳ ಕೆಳಗೆ ಶೆಟ್ಟಿ, ಪೂಜಾರಿ, ಹೆಗಡೆ, ಹಿರೇಮಠ ಎಂಬ ಸಹಿಗಳನ್ನು ಕಂಡದ್ದು ಅಪರೂಪ. ಸಂಘದ ಹಿರಿಯರೊಬ್ಬರಲ್ಲಿ ಈ ಮಾತೆತ್ತಿದಾಗ, “ಇದು ಅವರ ಊರು ಮಾರಾಯರೆ, ನಾವು ಹೇಳುವುದೇನುಂಟು?” ಎಂದರು. ಅವರ ಮಕ್ಕಳೂ ಮೊಮ್ಮಕ್ಕಳೂ ಹುಟ್ಟಿದ್ದು ಇದೇ ಊರಿನಲ್ಲಿ.

ಠಾಣೆಯ ಸಿವಿಲ್ ಆಸ್ಪತ್ರೆಯ ವಿಷಯ ಬಂದಾಗ ಈ ಮಾತು ನನ್ನನ್ನು ಬಹಳ ಕಾಡಿತು. ಟೆಂಭಿ ನಾಕಾದ ಬಳಿ ಇದ್ದ ಆ ಹಳೆಯ ಆಸ್ಪತ್ರೆಯನ್ನು ನೋಡದ ಕನ್ನಡಿಗರು ಈ ಭಾಗದಲ್ಲಿ ಕಡಿಮೆ. ಬ್ರಿಟಿಷರ ಕಾಲದ ಕಟ್ಟಡ. ಅದಕ್ಕೆ ಹೆಸರು ಬಂದದ್ದು ವಿಠ್ಠಲ ಸಾಯಣ್ಣ ಎಂಬವರಿಂದ. ಅವರು ಮುಂಬಯಿಯಲ್ಲಿ ಕಟ್ಟಡದ ಗುತ್ತಿಗೆಯಿಂದ ಮೇಲೆ ಬಂದ ತೆಲುಗು ಮನೆತನದವರು. ‘ಅವರ ಊರು’ ಎನ್ನುವವರಿಗೆ ಇದೊಂದು ಉತ್ತರವಾದೀತು: ಠಾಣೆ ಜಿಲ್ಲೆಯ ದೊಡ್ಡಾಸ್ಪತ್ರೆಯ ಹೆಬ್ಬಾಗಿಲ ಮೇಲೆ ಇದ್ದ ಹೆಸರೇ ಹೊರಗಿನಿಂದ ಬಂದ ಮನೆತನದ್ದು.

ಕಟ್ಟಡವು ಹಳತಾಗಿ, ಸೋರಿ, ಕಿಷ್ಕಿಂಧೆಯಾಗಿತ್ತೆಂಬುದರಲ್ಲಿ ಎರಡು ಮಾತಿಲ್ಲ. 300 ಚಿಲ್ಲರೆ ಹಾಸಿಗೆಗಳಿದ್ದ ಜಾಗದಲ್ಲಿ 900 ಹಾಸಿಗೆಗಳ ಆಸ್ಪತ್ರೆ ಕಟ್ಟುವುದೆಂದು ಸರಕಾರ ನಿರ್ಧರಿಸಿತು. 2023ರಲ್ಲಿ ವಾರ್ಡುಗಳನ್ನು ಖಾಲಿ ಮಾಡಿ, ಆಸ್ಪತ್ರೆಯನ್ನು ತಾತ್ಕಾಲಿಕವಾಗಿ ಪ್ರಾದೇಶಿಕ ಮನೋರುಗ್ಣಾಲಯದ ಆವರಣಕ್ಕೆ ಸಾಗಿಸಿದರು. ಹೊಸದು ಬೇಕೇ ಬೇಡವೇ ಎಂದು ಯಾರನ್ನು ಕೇಳಿದ್ದರೂ ಬೇಕೆಂದೇ ಹೇಳುತ್ತಿದ್ದರು. ಆದರೆ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯದಾಗಿತ್ತು. ಹಳತು ಹೋಗಿ ಹೊಸತು ಬರುವವರೆಗಿನ ವರ್ಷಗಳಲ್ಲಿ ಬಡವರು ಎಲ್ಲಿಗೆ ಹೋಗಬೇಕು?

ಅದೇ ವರ್ಷದ ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿ, ಖಾಡಿಯ ಆಚೆ ಕಳವೆಯಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯಲ್ಲಿ 24 ತಾಸುಗಳಲ್ಲಿ 18 ರೋಗಿಗಳು ತೀರಿಕೊಂಡರು. ಅದು ಠಾಣೆ ಮಹಾನಗರಪಾಲಿಕೆಯ 500 ಹಾಸಿಗೆಗಳ ಆಸ್ಪತ್ರೆ. ಹಲವರು ಕೊನೆಯ ಗಳಿಗೆಯಲ್ಲಿ, ಕೈಮೀರಿದ ಸ್ಥಿತಿಯಲ್ಲಿ ಬಂದವರೆಂದು ಅಧಿಕಾರಿಗಳು ತಿಳಿಸಿದರು. ಸರಕಾರ ವಿಚಾರಣಾ ಸಮಿತಿಯನ್ನು ನೇಮಿಸಿತು. ಸಿವಿಲ್ ಆಸ್ಪತ್ರೆಯ ಸ್ಥಳಾಂತರದಿಂದ ಅಲ್ಲಿಯ ಹೊರೆ ಕಳವೆಯ ಮೇಲೆ ಬಿದ್ದಿತ್ತೆಂಬುದನ್ನೂ ಅಂದಿನ ಪತ್ರಿಕೆಗಳು ಬರೆದವು. ಸಾವುಗಳಿಗೆ ಇದೇ ಕಾರಣವೆಂದು ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಒಂದು ಆಸ್ಪತ್ರೆಯ ಬಾಗಿಲು ಮುಚ್ಚಿದರೆ ಅಲ್ಲಿಗೆ ಬರುತ್ತಿದ್ದ ಜ್ವರ, ಹೆರಿಗೆ, ಹಾವಿನ ಕಡಿತ ಯಾವುದೂ ನಿಲ್ಲುವುದಿಲ್ಲ; ಪಕ್ಕದ ಬಾಗಿಲು ತಟ್ಟುತ್ತವೆ. ಇಷ್ಟನ್ನು ಹೇಳಲು ಸಮಿತಿ ಬೇಕಾಗಿಲ್ಲ.

ಹಾಗಾದರೆ ಕೇಳಬೇಕಾದದ್ದು ಯಾರನ್ನು? ‘ಸ್ಥಳೀಯ ನಿವಾಸಿಗಳು’ ಎಂದೊಡನೆ ನಮ್ಮ ಕಣ್ಣಮುಂದೆ ಬರುವವರು ಆಸ್ಪತ್ರೆಯ ಗೋಡೆಗೆ ಅಂಟಿಕೊಂಡ ಸೊಸೈಟಿಗಳವರು. ಅವರಿಗೆ ಧೂಳಿನ ಚಿಂತೆ, ಲಾರಿಗಳ ಚಿಂತೆ, ಮುಂದೆ ಆಂಬುಲೆನ್ಸಿನ ಸದ್ದಿನ ಚಿಂತೆ. ಅವು ಸುಳ್ಳಲ್ಲ. ಸಭೆ ಕರೆದರೆ ಮೊದಲು ಬಂದು ಕುರ್ಚಿ ಹಿಡಿಯುವವರೂ ಅವರೇ. ಕಾಯ್ದೆ ಬಲ್ಲವರು, ಬಿಡುವುಳ್ಳವರು. ಆದರೆ ಜಿಲ್ಲಾ ಆಸ್ಪತ್ರೆಯ ನಿಜವಾದ ನಿವಾಸಿಗಳು ಬೇರೆ. ಮುರಬಾಡ, ಶಹಾಪುರಗಳಿಂದ ಎಸ್.ಟಿ. ಬಸ್ಸಿನಲ್ಲಿ ಬಸುರಿ ಸೊಸೆಯನ್ನು ಕರೆತರುವ ಆದಿವಾಸಿ ಅತ್ತೆ. ಭಿವಂಡಿಯ ಮಗ್ಗದ ಕೂಲಿ. ನಮ್ಮವರನ್ನೇ ನೋಡಿರಿ: ವಿಜಾಪುರ, ಕಲಬುರ್ಗಿ ಕಡೆಯಿಂದ ಬಂದು ಇಲ್ಲಿಯ ಕಟ್ಟಡಗಳ ಮೇಲೆ ಸಿಮೆಂಟು ಹೊರುವವರಿಗೂ, ಹೋಟೆಲಿನ ಹಿಂದಿನ ಕೋಣೆಯಲ್ಲಿ ಮಲಗುವ ಹುಡುಗರಿಗೂ ಕಾಲು ಮುರಿದರೆ ಸಿವಿಲ್ ಆಸ್ಪತ್ರೆಯೇ ಗತಿ. ಅವರು ಟೆಂಭಿ ನಾಕಾದ ನಿವಾಸಿಗಳಲ್ಲ. ಆದರೆ ಮನೋರುಗ್ಣಾಲಯದ ಆವರಣಕ್ಕೆ ಯಾವ ಬಸ್ಸು ಹೋಗುತ್ತದೆ, ರಾತ್ರಿ ರಿಕ್ಷಾದವನು ಎಷ್ಟು ಕೇಳುತ್ತಾನೆ, ರೋಗಿಯ ಜೊತೆ ಬಂದವರು ಎಲ್ಲಿ ಅನ್ನ ಬೇಯಿಸಿಕೊಳ್ಳಬೇಕು ಎಂಬುದನ್ನು ಬಲ್ಲವರು ಅವರು ಮಾತ್ರ. ಯಾವ ವಾಸ್ತುಶಿಲ್ಪಿಯ ನಕಾಶೆಯಲ್ಲಿಯೂ ಇದು ಸಿಗದು. ಸಭೆಯ ನೋಟೀಸನ್ನು ಹೊರರೋಗಿಗಳ ಸಾಲಿನ ಗೋಡೆಗೆ ಅಂಟಿಸಿ, ಆ ಸಾಲಿನಲ್ಲಿಯೇ ಒಬ್ಬ ಗುಮಾಸ್ತನನ್ನು ಕೂಡಿಸಿ ಕೇಳಿ ಬರೆದುಕೊಂಡರೆ ಮಾತ್ರ ಅವರ ಮಾತು ಕಾಗದಕ್ಕೆ ಇಳಿದೀತು.

ಇಲ್ಲಿ ಕಾಯಿದೆಯ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. 37ನೆಯ ಕಲಮು ಬೇಕಾಗುವುದು ಜಾಗದ ಉದ್ದೇಶ ಬದಲಾದಾಗ. ಆಸ್ಪತ್ರೆಗೆಂದು ಮೀಸಲಾದ ಜಾಗದಲ್ಲಿ ಹಳೆಯ ಆಸ್ಪತ್ರೆ ಕೆಡವಿ ಹೊಸ ಆಸ್ಪತ್ರೆ ಕಟ್ಟಿದರೆ ಉದ್ದೇಶ ಬದಲಾಗುವುದಿಲ್ಲ. ಆದುದರಿಂದ ಅದರ ಪ್ರಕಾರ ಯಾರನ್ನೂ ಕೇಳಬೇಕಾಗಿಲ್ಲ. ದೊಡ್ಡ ಕಟ್ಟಡಕ್ಕೆ ಪರಿಸರ ಖಾತೆಯ ಅನುಮತಿ ಬೇಕು ನಿಜ. ಆದರೆ ಕೇಂದ್ರ ಸರಕಾರದ 2006ರ ಅಧಿಸೂಚನೆಯು ಗಣಿ ಕಾರಖಾನೆಗಳಿಗೆ ಸಾರ್ವಜನಿಕ ವಿಚಾರಣೆಯನ್ನು ವಿಧಿಸಿ, ಕಟ್ಟಡಗಳನ್ನು ಅದರಿಂದ ಬಿಟ್ಟುಬಿಟ್ಟಿದೆ. ಇತ್ತ ಮಹಾರಾಷ್ಟ್ರದ 1975ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಆವರಣದ ಮರ ಕಡಿಯಬೇಕಾದರೆ ಪತ್ರಿಕೆಯಲ್ಲಿ ಪ್ರಕಟಿಸಬೇಕು, ಮರದ ಮೈಮೇಲೂ ನೋಟೀಸು ಅಂಟಿಸಬೇಕು. ಮರಕ್ಕೆ ಸಿಕ್ಕ ಈ ಮರ್ಯಾದೆಯ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಅಷ್ಟೇ ಮರ್ಯಾದೆ ರೋಗಿಯ ಮಂಚಕ್ಕೂ ಸಿಗಲೆಂದು ಬಯಸುತ್ತೇನೆ.

ಕೇಳುವುದರಲ್ಲಿಯೂ ಒಂದು ರೀತಿ ಇದೆ. ಲಂಡನ್ನಿನ ಬ್ರೆಂಟ್ ಎಂಬ ಭಾಗದಲ್ಲಿ ಕೆಲವು ಶಾಲೆಗಳನ್ನು ಮುಚ್ಚುವ ಪ್ರಸಂಗ ಬಂದು, ತಾಯ್ತಂದೆಯರು ನ್ಯಾಯಾಲಯಕ್ಕೆ ಹೋದರು. 1985ರ ಆ ಗನ್ನಿಂಗ್ ಮೊಕದ್ದಮೆಯಲ್ಲಿ ಹೊರಬಂದ ನಿಯಮಗಳನ್ನು ಇಂದಿಗೂ ಅಲ್ಲಿ ಆಸ್ಪತ್ರೆಗಳ ವಿಷಯದಲ್ಲಿಯೂ ಎತ್ತಿ ಹೇಳುತ್ತಾರೆ: ಯೋಜನೆ ಇನ್ನೂ ಹಸಿಯಾಗಿರುವಾಗಲೇ ಕೇಳಬೇಕು; ಉತ್ತರ ಕೊಡಲು ಬೇಕಾದಷ್ಟು ವಿವರ ಕೊಡಬೇಕು; ಸಾಕಷ್ಟು ಕಾಲಾವಕಾಶ ಕೊಡಬೇಕು; ಬಂದ ಉತ್ತರಗಳನ್ನು ಮನಸ್ಸಿಟ್ಟು ಪರಿಶೀಲಿಸಬೇಕು. ಕಚೇರಿಯ ಅನುಭವದಿಂದ ಹೇಳುವುದಾದರೆ ಮೊದಲನೆಯದೇ ಎಲ್ಲಕ್ಕಿಂತ ಕಠಿಣ. ಟೆಂಡರು ಹೊರಟ ಮೇಲೆ ಬಂದ ಸಲಹೆ ಎಷ್ಟೇ ಚೆನ್ನಾಗಿರಲಿ, ಅದರ ಮೇಲೆ ‘ನೋಂದಲಾಗಿದೆ’ ಎಂದು ಬರೆದು ಫೈಲಿಗೆ ಸೇರಿಸುವುದರ ಹೊರತು ಯಾರೂ ಏನೂ ಮಾಡಲಾರರು.

ಸಿವಿಲ್ ಆಸ್ಪತ್ರೆಗೆ ಆಶ್ರಯ ಕೊಟ್ಟ ಮನೋರುಗ್ಣಾಲಯದ ಕಥೆಯೂ ಇದಕ್ಕೆ ಸಂಬಂಧಪಟ್ಟದ್ದೇ. 1901ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ವಿಶಾಲವಾದ ಆವರಣವಿದ್ದು, ಸುತ್ತಲೂ ಊರು ಬೆಳೆದಂತೆ ಎಲ್ಲರ ಕಣ್ಣೂ ಆ ಭೂಮಿಯ ಮೇಲೆ ಬಿತ್ತು. ಠಾಣೆ ಮುಲುಂದಗಳ ನಡುವೆ ಹೊಸ ರೇಲ್ವೆ ಸ್ಟೇಷನ್ನಿಗಾಗಿ ಅದರಲ್ಲಿ ಸುಮಾರು 15 ಎಕರೆಯನ್ನು ಬಿಟ್ಟುಕೊಡುವುದಕ್ಕೆ 2023ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ದಾರಿ ತೆರೆಯಿತು. ಬೆಳಗಿನ ಎಂಟರ ಲೋಕಲಿನಲ್ಲಿ ಠಾಣೆಯಲ್ಲಿ ಇಳಿಯಲು ಹೆಣಗುವ ನಮಗೆ ಆ ಸ್ಟೇಷನ್ನು ಬೇಕು, ನಾನೂ ಅದರಲ್ಲೊಬ್ಬ. ಆದರೆ ಆ ಆವರಣದ ಒಳಗಿರುವವರ ಪರವಾಗಿ ಮಾತನಾಡುವವರು ಯಾರು? 2017ರ ಮಾನಸಿಕ ಆರೋಗ್ಯ ಕಾಯಿದೆಯು ಇದಕ್ಕೊಂದು ಮಾರ್ಗ ತೋರಿಸಿದೆ. ಅದರಂತೆ ರಾಜ್ಯ ಪ್ರಾಧಿಕಾರದಲ್ಲಿ ಮಾನಸಿಕ ಕಾಯಿಲೆ ಅನುಭವಿಸಿದವರಿಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೂ ಸದಸ್ಯತ್ವ ಕೊಡಬೇಕಾಗಿದೆ. ಮನೋರೋಗಿಗೆ ಮೇಜಿನ ಬಳಿ ಕುರ್ಚಿ ಹಾಕಬಹುದಾದರೆ, ಹೆರಿಗೆಗೆ ಬಂದವಳಿಗೂ ಒಂದು ಹಾಕಲು ಅಡ್ಡಿಯೇನು?

ಹೆರಿಗೆಯೆಂದೊಡನೆ ಡೊಂಬಿವಲಿಯವರಿಗೆ ತಮ್ಮ ಪಾಲಿಕೆಯ ಹಳೆಯ ಸೂತಿಕಾಗೃಹ ನೆನಪಾಗದಿರದು. ಕಟ್ಟಡ ಶಿಥಿಲವಾಯಿತೆಂದು ಬಾಗಿಲು ಹಾಕಿದರು. ವರ್ಷಗಳು ಉರುಳಿದ ಮೇಲೆ, ಖಾಸಗಿಯವರ ಪಾಲುದಾರಿಕೆಯಲ್ಲಿ ಸೂತಿಕಾಗೃಹದ ಜೊತೆಗೆ ಕ್ಯಾನ್ಸರ್ ಆಸ್ಪತ್ರೆಯನ್ನೂ ಕಟ್ಟುವ ಯೋಜನೆ ಮುಂದೆ ಬಂದಿತು. ನಡುವಿನ ಆ ವರ್ಷಗಳಲ್ಲಿ ಪೂರ್ವದ ಬಡ ಬಾಣಂತಿಯರು ಹಳಿ ದಾಟಿ ಪಶ್ಚಿಮದ ಶಾಸ್ತ್ರೀನಗರ ಆಸ್ಪತ್ರೆಗೋ, ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆಗೋ ಹೋಗಬೇಕಾಯಿತು. ಖಾಸಗಿ ಪಾಲುದಾರಿಕೆ ಎಲ್ಲಿದೆಯೋ ಅಲ್ಲಿ ಎಷ್ಟು ಹಾಸಿಗೆ ಪುಕ್ಕಟೆ, ಎಷ್ಟು ವರ್ಷದವರೆಗೆ, ಎಂಬುದನ್ನು ಕರಾರು ಆಗುವ ಮೊದಲೇ ಕೇಳುವುದು ಒಳ್ಳೆಯದು. ನಂತರ ಕೇಳಿದರೆ ಕಾಗದ ತೋರಿಸುತ್ತಾರೆ.

ಇನ್ನು, ಬರೆಯುವುದು ಹೇಗೆ ಎಂದು ಕೇಳುವ ನಮ್ಮ ಬಂಧುಗಳಿಗಾಗಿ ಕಚೇರಿಯ ಒಳಗಿನ ಎರಡು ಮಾತು. ಇಲ್ಲಿಯ ಆಡಳಿತಭಾಷೆ ಮರಾಠಿ. ಮನೆಯಲ್ಲಿ ಶಾಲೆ ಕಲಿಯುವ ಮಕ್ಕಳು ನಮಗಿಂತ ಚೆನ್ನಾಗಿ ಬರೆಯುತ್ತಾರೆ, ಅವರ ಕೈಯಿಂದ ಬರೆಸಿರಿ. ಒಂದೇ ಅಚ್ಚಿನ ಕಾಗದಕ್ಕೆ ನೂರು ಸಹಿ ಹಾಕಿಸುವುದಕ್ಕಿಂತ ಹತ್ತು ಮನೆಯವರು ತಮ್ಮ ತಮ್ಮ ಅನುಭವವನ್ನು ಬೇರೆ ಬೇರೆ ಬರೆಯುವುದು ಮೇಲು. ಮೊದಲನೆಯದಕ್ಕೆ ಒಂದೇ ಉತ್ತರ ಸಾಕಾಗುತ್ತದೆ, ಎರಡನೆಯದನ್ನು ಹತ್ತು ಸಲ ಓದಬೇಕಾಗುತ್ತದೆ. ಬೈಗುಳ ಬೇಡ. ‘ಬಡವರಿಗೆ ಅನ್ಯಾಯ’ ಎಂದು ಬರೆಯುವುದರ ಬದಲು ‘ರಾತ್ರಿ ಹನ್ನೊಂದರ ಮೇಲೆ ಅಲ್ಲಿಗೆ ಬಸ್ಸಿಲ್ಲ’ ಎಂದು ಬರೆಯಿರಿ. ಯೋಜನೆಯ ವಿವರ ಬೇಕಾದರೆ ಮಾಹಿತಿ ಹಕ್ಕಿನ 2005ರ ಕಾಯಿದೆಯಂತೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿರಿ. 30 ದಿನಗಳೊಳಗೆ ಉತ್ತರ ಬರಬೇಕು. ನಿಮ್ಮ ಪತ್ರವನ್ನು ‘ಆವಕ–ಜಾವಕ’ ಎಂಬ ಫಲಕವಿರುವ ಮೇಜಿಗೆ ಒಯ್ದು ಕೊಡಿರಿ. ಅಲ್ಲಿ ‘ಪೋಚ್’ ಕೇಳಿದರೆ, ನಿಮ್ಮ ಪ್ರತಿಯ ಮೇಲೆ ಮೊಹರು ಒತ್ತಿ ನಂಬರು ಬರೆದು ಕೊಡುತ್ತಾರೆ. ಊಟದ ವೇಳೆಗೆ ಹೋಗಬೇಡಿರಿ. ಮೊಹರಿನ ಮಸಿ ಅನೇಕ ಸಲ ತೆಳುವಾಗಿರುತ್ತದೆ; ತಾರೀಖು ಓದಲು ಬರುತ್ತದೆಯೇ ಎಂದು ಮೇಜಿನ ಮುಂದೆ ನಿಂತಿರುವಾಗಲೇ ನೋಡಿಕೊಳ್ಳಿರಿ.